ಬೇಸ್‌ಬಾಲ್ ಆಟಗಾರನ ಬೆಲೆ

2024ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ, ಅಮೆರಿಕಾ ದೇಶದ ನ್ಯೂಯಾರ್ಕ್ ನಗರದ ಮೆಟ್ಸ್ ಎಂಬ ಬೇಸ್‌ಬಾಲ್ ತಂಡದವರು ಹುವಾನ್ ಸೋಟೊ ಎಂಬ ಆಟಗಾರನೊಡನೆ ಒಂದು ಕರಾರು ಮಾಡಿಕೊಂಡರು. ಅವಧಿ 15 ವರ್ಷ. ಮೊತ್ತ 76 ಕೋಟಿ 50 ಲಕ್ಷ ಡಾಲರು. ಅಂದಿನ ವಿನಿಮಯದ ದರದಲ್ಲಿ ಇದು ನಮ್ಮ ಸುಮಾರು ಆರೂವರೆ ಸಾವಿರ ಕೋಟಿ ರೂಪಾಯಿ. ಆ ಆಟದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಕರಾರು ಆಗಿರಲಿಲ್ಲ. ರುಜು ಹಾಕಿದಾಗ ಸೋಟೊವಿಗೆ ಇಪ್ಪತ್ತಾರು ವರ್ಷ. ಕರಾರಿನ ಕೊನೆಯ ವರ್ಷವಾದ 2039ರಲ್ಲಿ ಆತ ನಾಲ್ವತ್ತು ಕಳೆದು ನಾಲ್ವತ್ತೊಂದಕ್ಕೆ ಕಾಲಿಡುತ್ತಿರುತ್ತಾನೆ.

ಇಂಥ ಸುದ್ದಿಯನ್ನು ಕೇಳಿದೊಡನೆ ನಿಮ್ಮ ಬಾಯಿಂದ ಎರಡು ಮಾತುಗಳಲ್ಲಿ ಒಂದು ಹೊರಡುವುದು ಸಹಜ. ಒಂದು, "ಆ ಧಣಿಗಳಿಗೆ ಬುದ್ಧಿ ನೆಟ್ಟಗಿಲ್ಲ" ಎಂಬುದು. ಇನ್ನೊಂದು, "ಆಟಗಾರನ ಆಸೆಗೆ ಮಿತಿಯಿಲ್ಲ" ಎಂಬುದು. ಚೆಂಡನ್ನು ಬ್ಯಾಟಿನಿಂದ ಹೊಡೆಯುವ ಕೆಲಸಕ್ಕೆ ಇಷ್ಟು ಹಣವೆಂದರೆ ಯಾರಿಗಾದರೂ ಹೀಗೆ ಅನ್ನಿಸಬೇಕಾದದ್ದೇ. ಆದರೆ ಈ ದೊಡ್ಡ ಮೊತ್ತದ ಹಿಂದೆ ನೂರು ವರ್ಷಕ್ಕೂ ಮಿಕ್ಕ ಒಂದು ವ್ಯಾಜ್ಯವಿದೆ. ಮನುಷ್ಯನ ಮೈಯಲ್ಲಿ ಶಕ್ತಿಯಿರುವ ಕಾಲ ಎಷ್ಟು, ಆ ಶಕ್ತಿಯ ಬೆಲೆಯನ್ನು ಅವನಿಗೆ ಯಾವಾಗ ಕೊಡಬೇಕು, ಶಕ್ತಿ ಉಡುಗಿದಾಗ ನಷ್ಟ ಯಾರ ತಲೆಗೆ ಬರಬೇಕು ಎಂಬುದು ಆ ವ್ಯಾಜ್ಯದ ತಿರುಳು. ಅದನ್ನು ತಿಳಿಯದೆ ಧಣಿಯನ್ನಾಗಲಿ ಆಟಗಾರನನ್ನಾಗಲಿ ಹಳಿಯುವುದು ನ್ಯಾಯವಲ್ಲ.

ಆಟದ ವಿಷಯವಾಗಿ ಎರಡು ಮಾತು ಹೇಳಿಬಿಡುತ್ತೇನೆ. ಕ್ರಿಕೆಟ್ಟನ್ನು ಬಲ್ಲ ನಮಗೆ ಬೇಸ್‌ಬಾಲ್ ದೂರದ ನಂಟನಂತೆ ಕಾಣುತ್ತದೆ. ಚೆಂಡೆಸೆಯುವವನೊಬ್ಬ, ಹೊಡೆಯುವವನೊಬ್ಬ. ಹೊಡೆದ ಚೆಂಡು ಮೈದಾನದ ಗಡಿಯನ್ನು ಹಾರಿ ಹೋದರೆ ಅದಕ್ಕೆ ಹೋಮ್ ರನ್ ಎಂದು ಹೆಸರು. ಅಗ್ರಶ್ರೇಣಿಯಲ್ಲಿ ಮೂವತ್ತು ತಂಡಗಳುಂಟು. ಪ್ರತಿಯೊಂದು ತಂಡವೂ ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಹೆಚ್ಚು ಕಡಮೆ ದಿನವೂ ಆಟ. ಆದುದರಿಂದ ಮೈಗೆ ವಿಶ್ರಾಂತಿ ಕಡಮೆ. ಹೊಡೆಯುವವನಿಗಿಂತಲೂ ಎಸೆಯುವವನ ತೋಳು ಬೇಗ ಸವೆಯುತ್ತದೆ.

ಈಗ ಹಿಂದಕ್ಕೆ ಹೋಗೋಣ. 1879ರಲ್ಲಿ ಅಲ್ಲಿನ ತಂಡಗಳ ಧಣಿಗಳು ತಮ್ಮತಮ್ಮೊಳಗೆ ಒಂದು ಗುಟ್ಟಿನ ಏರ್ಪಾಡು ಮಾಡಿಕೊಂಡರು. ಪ್ರತಿಯೊಂದು ತಂಡವೂ ಐದು ಜನ ಆಟಗಾರರನ್ನು ತನಗಾಗಿ ಕಾದಿರಿಸಿಕೊಳ್ಳಬಹುದು. ಅವರನ್ನು ಬೇರೆ ತಂಡದವರು ಮಾತನಾಡಿಸಕೂಡದು. ಐದು ಎಂದಿದ್ದದ್ದು ಬರಬರುತ್ತ ಎಲ್ಲ ಆಟಗಾರರಿಗೂ ಹಬ್ಬಿತು. ಕರಾರಿನಲ್ಲಿಯೇ ಅದಕ್ಕೊಂದು ಷರತ್ತು ಸೇರಿತು. ಆಟಗಾರನು ವರ್ಷಕ್ಕೊಮ್ಮೆ ರುಜು ಹಾಕತಕ್ಕದ್ದು. ಹಾಕದಿದ್ದರೆ ತಂಡವೇ ಹಳೆಯ ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬಹುದು. ಹಾಗೆ ಮುಂದುವರಿಸಿದ ಕರಾರಿನಲ್ಲಿಯೂ ಅದೇ ಷರತ್ತು ಇರುತ್ತದೆಂದು ಧಣಿಗಳು ಅರ್ಥ ಮಾಡಿದರು. ಹೀಗಾಗಿ ಒಂದು ವರ್ಷದ ಕರಾರು ಆಟಗಾರನ ಆಯುಷ್ಯಪರ್ಯಂತದ ಕರಾರಾಯಿತು. ಧಣಿಗೆ ಮಾತ್ರ ಆ ಕಟ್ಟಿರಲಿಲ್ಲ. ಬೇಕೆಂದಾಗ ಆಟಗಾರನನ್ನು ಮಾರಬಹುದು, ಬೇರೆಯವನಿಗೆ ಬದಲಾಯಿಸಿಕೊಳ್ಳಬಹುದು, ಕೈ ನೊಂದರೆ ಮನೆಗೆ ಕಳುಹಿಸಬಹುದು.

ಆ ಆಟದ ಅತ್ಯಂತ ಪ್ರಸಿದ್ಧ ಪುರುಷ ಬೇಬ್ ರೂಥ್. ಬಾಸ್ಟನ್ ತಂಡದವರು ಈತನನ್ನು 1919ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಒಂದು ಲಕ್ಷ ಡಾಲರಿಗೆ ಮಾರಿದರು. 1930ರಲ್ಲಿ ರೂಥನ ಸಂಬಳ 80 ಸಾವಿರ ಡಾಲರು. ಅಮೆರಿಕಾದ ಅಧ್ಯಕ್ಷರ ಸಂಬಳ ಆಗ 75 ಸಾವಿರ. ಜನ ಇದನ್ನೇ ದೊಡ್ಡ ಸೋಜಿಗವೆಂದು ಆಡಿಕೊಂಡರು. ಆದರೆ ಆ ರೂಥನಿಗೂ ಬೇರೊಂದು ತಂಡದ ಬಾಗಿಲು ತಟ್ಟಿ "ನೀವೆಷ್ಟು ಕೊಡುತ್ತೀರಿ?" ಎಂದು ಕೇಳುವ ಹಕ್ಕು ಇರಲಿಲ್ಲ.

ನಮ್ಮ ಭಾಷೆಯಲ್ಲಿ ಜೀತ ಎಂಬ ಶಬ್ದವುಂಟು. ಶಾಲೆಯಲ್ಲಿ ಕನ್ನಡ ಪಾಠ ಹೇಳುವಾಗ ಈ ಶಬ್ದದ ಹತ್ತಿರ ನಾನು ಸ್ವಲ್ಪ ನಿಲ್ಲುವುದುಂಟು. ಅದು ಸಂಸ್ಕೃತದ ಜೀವಿತ ಶಬ್ದದ ತದ್ಭವ. ಹಳಗನ್ನಡದಲ್ಲಿ ಜೀತವೆಂದರೆ ಸಂಬಳ, ಜೀವನಕ್ಕಾಗಿ ದೊರೆಯು ಕೊಡುವ ವೇತನ. ಕಾಲಾಂತರದಲ್ಲಿ ಅದೇ ಶಬ್ದಕ್ಕೆ, ಬಿಟ್ಟುಹೋಗಲಾರದೆ ಒಬ್ಬನ ಮನೆಯಲ್ಲಿಯೇ ದುಡಿಯುವ ಬಂಧನ ಎಂಬ ಅರ್ಥ ಬಂದಿತು. ಸಂಬಳ ಬರುತ್ತಿದ್ದರೂ ಮನುಷ್ಯ ಕಟ್ಟಿನಲ್ಲಿರಬಹುದು ಎಂಬ ಸಂಗತಿ ಆ ಒಂದು ಶಬ್ದದ ಚರಿತ್ರೆಯಲ್ಲಿಯೇ ಅಡಗಿದೆ.

ಇದೇ ಮಾತನ್ನು ಅಮೆರಿಕಾದಲ್ಲಿ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ ಬಾಯಿಬಿಟ್ಟು ಹೇಳಿದ. ಸೇಂಟ್ ಲೂಯಿ ನಗರದ ಕಾರ್ಡಿನಲ್ಸ್ ತಂಡದಲ್ಲಿ ಹನ್ನೆರಡು ವರ್ಷ ಆಡಿದ ಈತನನ್ನು 1969ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯ ತಂಡಕ್ಕೆ ಸಾಗಹಾಕಿದರು. ಒಂದು ಮಾತು ಕೇಳಿದವರಿಲ್ಲ. ಆತ ಹೋಗಲು ಒಪ್ಪಲಿಲ್ಲ. ವರ್ಷಕ್ಕೆ 90 ಸಾವಿರ ಡಾಲರು ಸಂಪಾದಿಸುವವನು ಹೀಗೆ ಗೊಣಗಬಹುದೇ ಎಂದು ಕೇಳಿದವರಿಗೆ, ಒಳ್ಳೆಯ ಸಂಬಳ ಪಡೆಯುವ ಗುಲಾಮನೂ ಗುಲಾಮನೇ ಎಂಬರ್ಥದ ಉತ್ತರ ಕೊಟ್ಟ. ಆತನ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸದೆಂದು ಅದೇ ನ್ಯಾಯಾಲಯ 1922ರಲ್ಲಿ ತೀರ್ಪು ಕೊಟ್ಟಿತ್ತು. 1972ರಲ್ಲಿ ನ್ಯಾಯಾಧೀಶರು ಐದಕ್ಕೆ ಮೂರರ ಬಹುಮತದಿಂದ ಆ ಹಳೆಯ ತೀರ್ಪನ್ನೇ ಎತ್ತಿಹಿಡಿದರು. ಫ್ಲಡ್ ಸೋತ. ನಡುವೆ 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹದಿಮೂರು ಪಂದ್ಯಗಳನ್ನಾಡಿದ್ದು ಬಿಟ್ಟರೆ ಆತನ ಆಟ ಅಲ್ಲಿಗೆ ಮುಗಿಯಿತು.

ನ್ಯಾಯಾಲಯದಲ್ಲಿ ಬಿಡದ ಗಂಟು ಮೂರು ವರ್ಷಗಳ ಮೇಲೆ ಬೇರೊಂದು ಕಡೆ ಬಿಟ್ಟಿತು. ಆಟಗಾರರ ಸಂಘಕ್ಕೆ 1966ರಿಂದ ಮುಂದಾಳಾಗಿದ್ದವರು ಮಾರ್ವಿನ್ ಮಿಲ್ಲರ್. ಉಕ್ಕಿನ ಕಾರ್ಖಾನೆಗಳ ಕಾರ್ಮಿಕ ಸಂಘದಲ್ಲಿ ಪಳಗಿದವರು. ಆಟಗಾರರಿಗೂ ಧಣಿಗಳಿಗೂ ಜಗಳ ಬಂದರೆ ಮಧ್ಯಸ್ಥರೊಬ್ಬರು ತೀರ್ಮಾನ ಮಾಡಬೇಕೆಂಬ ಏರ್ಪಾಡನ್ನು ಅವರು ಮಾತುಕತೆಯಿಂದ ಸಾಧಿಸಿದ್ದರು. 1975ರಲ್ಲಿ ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಎಸೆತಗಾರರು ಕರಾರಿಗೆ ರುಜು ಹಾಕದೆಯೇ ಆಡಿದರು. ತಂಡ ಕರಾರನ್ನು ಒಂದು ವರ್ಷ ಮುಂದುವರಿಸಿದ್ದಾಯಿತು, ಆ ವರ್ಷ ಮುಗಿದಿದೆ, ಈಗ ನಾವು ಸ್ವತಂತ್ರರು ಎಂಬುದು ಅವರ ವಾದ. ಮಧ್ಯಸ್ಥರಾದ ಪೀಟರ್ ಸೈಟ್ಜ್ ಅವರ ಮುಂದಿದ್ದ ಪ್ರಶ್ನೆ ವ್ಯಾಕರಣದ ಪ್ರಶ್ನೆಯಂತಿತ್ತು: "ಒಂದು ವರ್ಷ" ಎಂದರೆ ಒಂದೇ ವರ್ಷವೋ, ವರ್ಷ ವರ್ಷವೂ ಎಂದೋ? ಒಂದು ಎಂದರೆ ಒಂದೇ ಎಂದು ಅವರು 1975ರ ಡಿಸೆಂಬರ್ 23ರಂದು ತೀರ್ಮಾನ ಕೊಟ್ಟರು. ಧಣಿಗಳು ಅವರನ್ನು ಒಡನೆಯೇ ಕೆಲಸದಿಂದ ತೆಗೆದುಹಾಕಿದರು. ಆದರೆ ತೀರ್ಮಾನವನ್ನು ನ್ಯಾಯಾಲಯಗಳು ಎತ್ತಿಹಿಡಿದುವು.

ಕಟ್ಟೆಯೊಡೆದ ಮೇಲೆ ನೀರು ತಡೆಯುವುದುಂಟೆ? 1975ರಲ್ಲಿ ಆಟಗಾರರ ಸರಾಸರಿ ಸಂಬಳ ಸುಮಾರು 45 ಸಾವಿರ ಡಾಲರು. 1980ರ ಹೊತ್ತಿಗೆ ಅದು 1 ಲಕ್ಷ 44 ಸಾವಿರದ ಸಮೀಪಕ್ಕೆ ಬಂದಿತು. 2025ರಲ್ಲಿ 50 ಲಕ್ಷವನ್ನು ದಾಟಿತ್ತು.

ಅಂದೇ ದೀರ್ಘ ಕರಾರುಗಳೂ ಹುಟ್ಟಿದುವು, ಅವುಗಳ ತೊಡಕೂ ಹುಟ್ಟಿತು. 1976ರಲ್ಲಿ ಇಪ್ಪತ್ತು ಪಂದ್ಯಗಳನ್ನು ಗೆದ್ದುಕೊಟ್ಟ ಎಸೆತಗಾರ ವೇನ್ ಗಾರ್ಲೆಂಡ್. ಕ್ಲೀವ್‌ಲೆಂಡ್ ತಂಡದವರು ಆತನಿಗೆ ಹತ್ತು ವರ್ಷಕ್ಕೆ 23 ಲಕ್ಷ ಡಾಲರು ಗೊತ್ತು ಮಾಡಿದರು. ಮರು ವರ್ಷ ಅಭ್ಯಾಸದ ಕಾಲದಲ್ಲಿಯೇ ಆತನ ಹೆಗಲು ನೊಂದಿತು. ಐದು ವರ್ಷ ಹೇಗೋ ಆಡಿ ನಿಂತುಹೋದ. ಹಣ ಹತ್ತು ವರ್ಷವೂ ಸಂದಿತು. 1980ರಲ್ಲಿ ಯಾಂಕೀಸ್ ತಂಡದ ಧಣಿ ಜಾರ್ಜ್ ಸ್ಟೈನ್‌ಬ್ರೆನ್ನರ್ ಅವರು ಡೇವ್ ವಿನ್‌ಫೀಲ್ಡ್ ಎಂಬಾತನಿಗೆ ಹತ್ತು ವರ್ಷದ ಕರಾರು ಬರೆದುಕೊಟ್ಟರು. ಬೆಲೆಗಳು ಏರಿದಂತೆ ಸಂಬಳವೂ ಏರತಕ್ಕದ್ದೆಂಬ ಒಂದು ಷರತ್ತು ಅದರಲ್ಲಿತ್ತು. 1 ಕೋಟಿ 60 ಲಕ್ಷದ ಕರಾರೆಂದು ತಾವು ತಿಳಿದದ್ದು ಆ ಷರತ್ತಿನ ದೆಸೆಯಿಂದ 2 ಕೋಟಿ 30 ಲಕ್ಷದಷ್ಟಾಗುತ್ತದೆಂಬುದು ರುಜು ಹಾಕಿದ ಮೇಲೆ ಧಣಿಗೆ ಹೊಳೆಯಿತು. ಅಲ್ಲಿಂದ ಇಬ್ಬರಿಗೂ ಹತ್ತು ವರ್ಷ ಜಗಳ. ವಿನ್‌ಫೀಲ್ಡನ ವಿರುದ್ಧ ಅಪವಾದ ಹುಡುಕಲು ಜೂಜುಗಾರನೊಬ್ಬನಿಗೆ ಹಣ ಕೊಟ್ಟರೆಂದು 1990ರಲ್ಲಿ ಆ ಧಣಿಯನ್ನು ತಂಡದ ಆಡಳಿತದಿಂದಲೇ ದೂರವಿಟ್ಟರು. ಓದದೆ ರುಜು ಹಾಕಬೇಡಿರೆಂದು ನಮ್ಮ ಹಿರಿಯರು ಹೇಳಿದ್ದು ಕೋಟ್ಯಧೀಶರಿಗೂ ಸಲ್ಲುವ ಮಾತು.

ಇಷ್ಟೆಲ್ಲ ಅನುಭವವಾದ ಮೇಲೂ ಧಣಿಗಳು ಹತ್ತು, ಹದಿಮೂರು, ಹದಿನೈದು ವರ್ಷದ ಕರಾರುಗಳಿಗೆ ಏತಕ್ಕೆ ಒಪ್ಪುತ್ತಾರೆ? ಇದಕ್ಕೆ ಎರಡು ಕಾರಣಗಳನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದು, ಸ್ವಾತಂತ್ರ್ಯ ಬಂದರೂ ಅದು ತಡವಾಗಿ ಬರುತ್ತದೆ. ಈಗಿನ ನಿಯಮದಂತೆ ಅಗ್ರಶ್ರೇಣಿಯಲ್ಲಿ ಆರು ವರ್ಷ ಸೇವೆ ಮಾಡಿದ ಮೇಲೆಯೇ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಬಹುದು. ಮೊದಲ ಮೂರು ವರ್ಷ ಸಾಮಾನ್ಯವಾಗಿ ತಂಡ ಕೊಟ್ಟದ್ದೇ ಸಂಬಳ. ಕನಿಷ್ಠ ವೇತನಕ್ಕಿಂತ ಬಹಳ ಮೇಲೆ ಹೋಗುವುದಿಲ್ಲ. 2025ರಲ್ಲಿ ಆ ಕನಿಷ್ಠ ವೇತನ 7 ಲಕ್ಷ 60 ಸಾವಿರ ಡಾಲರು. ನಮಗೆ ಅದೇ ದೊಡ್ಡ ಗಂಟು. ಆದರೆ ಪಕ್ಕದಲ್ಲಿ ನಿಂತು ಅದೇ ಕೆಲಸವನ್ನು ಅವನಷ್ಟು ಚೆನ್ನಾಗಿ ಮಾಡಲಾರದ ಹಿರಿಯನಿಗೆ ಅದರ ಮೂವತ್ತರಷ್ಟು ಬರುತ್ತಿರಬಹುದು. ಅನಂತರದ ಮೂರು ವರ್ಷ ಮಧ್ಯಸ್ಥರ ಮೂಲಕ ಸ್ವಲ್ಪ ಸ್ವಲ್ಪ ಏರುತ್ತದೆ. ಹೀಗೆ ಆರು ವರ್ಷ ಮುಗಿಯುವಾಗ ಬಹುಮಂದಿಗೆ ಇಪ್ಪತ್ತೊಂಬತ್ತೋ ಮೂವತ್ತೋ ಆಗಿರುತ್ತದೆ. ಇಪ್ಪತ್ತಾರರಿಂದ ಇಪ್ಪತ್ತೊಂಬತ್ತರ ಸುಮಾರಿನಲ್ಲಿಯೇ ಈ ಆಟದ ಕಸುವು ತುದಿ ಮುಟ್ಟುವುದೆಂದು ಲೆಕ್ಕವಿಟ್ಟವರು ಹೇಳುತ್ತಾರೆ. ಎಂದರೆ, ಪೇಟೆಯಲ್ಲಿ ಬೆಲೆ ಕೇಳುವ ಹಕ್ಕು ಕೈಗೆ ಬರುವ ಹೊತ್ತಿಗೆ ಮೈ ಇಳಿಮುಖವಾಗಿರುತ್ತದೆ.

ಆಲ್ಬರ್ಟ್ ಪೂಹೋಲ್ಸ್ ಎಂಬ ಆಟಗಾರನ ಕಥೆಯನ್ನು ಈ ದೃಷ್ಟಿಯಿಂದ ನೋಡಬೇಕು. 2001ರಲ್ಲಿ ಆತ ಕಾರ್ಡಿನಲ್ಸ್ ತಂಡಕ್ಕೆ ಕಾಲಿಟ್ಟ. ಆ ವರ್ಷವೇ 37 ಹೋಮ್ ರನ್ ಹೊಡೆದು, ಹೊಸ ಆಟಗಾರರಲ್ಲಿ ಶ್ರೇಷ್ಠನೆಂದು ಪ್ರಶಸ್ತಿ ಪಡೆದ. ಆ ವರ್ಷದ ಸಂಬಳ 2 ಲಕ್ಷ ಡಾಲರು, ಅಂದಿನ ಕನಿಷ್ಠ ವೇತನ. 2004ರಲ್ಲಿ ಏಳು ವರ್ಷಕ್ಕೆ 10 ಕೋಟಿ ಡಾಲರಿನ ಕರಾರಾಯಿತು. ಆ ತಂಡದಲ್ಲಿದ್ದ ಹನ್ನೊಂದು ವರ್ಷಗಳಲ್ಲಿ ಶ್ರೇಣಿಯ ಅತ್ಯುತ್ತಮ ಆಟಗಾರನೆಂಬ ಗೌರವ ಮೂರು ಸಲ ಬಂದಿತು. ತಂಡ 2006ರಲ್ಲಿಯೂ 2011ರಲ್ಲಿಯೂ ವರ್ಲ್ಡ್ ಸೀರೀಸ್ ಪಂದ್ಯಾವಳಿಯನ್ನು ಗೆದ್ದಿತು. ಆಮೇಲೆ, 2011ರ ಡಿಸೆಂಬರಿನಲ್ಲಿ, ಲಾಸ್ ಏಂಜಲೀಸಿನ ಏಂಜಲ್ಸ್ ತಂಡದವರು ಆತನಿಗೆ ಹತ್ತು ವರ್ಷಕ್ಕೆ 24 ಕೋಟಿ ಡಾಲರು ಒಪ್ಪಿದರು. ಆಗ ಆತನಿಗೆ ಮೂವತ್ತೊಂದು ವರ್ಷ.

ಆ ಕರಾರಿನ ಒಳಗನ್ನು ನೋಡಿ. ಮೊದಲ ವರ್ಷ 1 ಕೋಟಿ 20 ಲಕ್ಷ. ಅಲ್ಲಿಂದ ವರ್ಷವರ್ಷಕ್ಕೂ ಏರಿ ಹತ್ತನೆಯ ವರ್ಷಕ್ಕೆ 3 ಕೋಟಿ. ಮೈ ಇಳಿಯುತ್ತಿದ್ದಂತೆ ಸಂಬಳ ಏರುತ್ತಿತ್ತು! ಹಿಂದಿನ ಓಟವಿಲ್ಲ, ಕಾಲುನೋವು ಬೇರೆ. ಆ ಹತ್ತು ವರ್ಷಗಳಲ್ಲಿ ಏಂಜಲ್ಸ್ ತಂಡ ಅಂತಿಮ ಸುತ್ತುಗಳಿಗೆ ಹೋದದ್ದು 2014ರಲ್ಲಿ ಒಂದೇ ಸಲ. ಅಲ್ಲಿಯೂ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2021ರ ಮೇ ತಿಂಗಳಲ್ಲಿ, ಕರಾರು ಮುಗಿಯುವುದಕ್ಕೆ ಮುಂಚೆಯೇ, ಹಣ ಕೊಡುತ್ತಲೇ ಆತನನ್ನು ತಂಡದಿಂದ ಬಿಟ್ಟರು. ಜನ ಇದನ್ನು ಮೂರ್ಖತನದ ಕರಾರೆಂದು ಕರೆದರು. ನಿಜ, ಏಂಜಲ್ಸ್ ತಂಡದ ಲೆಕ್ಕದ ಪುಸ್ತಕದಲ್ಲಿ ಅದು ನಷ್ಟವೇ. ಆದರೆ ಪೂಹೋಲ್ಸನ ಇಡೀ ಬಾಳನ್ನು ಒಂದು ಲೆಕ್ಕವಾಗಿ ಹಿಡಿದರೆ, ಕಾರ್ಡಿನಲ್ಸ್ ತಂಡಕ್ಕೆ ಯೌವನದಲ್ಲಿ ಅಗ್ಗವಾಗಿ ಕೊಟ್ಟ ಆಟದ ಬಾಕಿಯೇ ಮುಪ್ಪಿನಲ್ಲಿ ವಸೂಲಾಯಿತು ಎನ್ನಬೇಕಾಗುತ್ತದೆ. ವಿಪರ್ಯಾಸವೇನೆಂದರೆ ಉಂಡವರು ಒಬ್ಬರು, ಹಣ ತೆತ್ತವರು ಇನ್ನೊಬ್ಬರು. ಕೊನೆಯ ವರ್ಷವಾದ 2022ರಲ್ಲಿ ಆತ ಮತ್ತೆ ಕಾರ್ಡಿನಲ್ಸ್ ತಂಡಕ್ಕೆ ಬಂದು 24 ಹೋಮ್ ರನ್ ಹೊಡೆದು, ಜೀವಮಾನದ ಮೊತ್ತವನ್ನು 703ಕ್ಕೆ ಮುಟ್ಟಿಸಿ ನಿವೃತ್ತನಾದ.

ಸೋಟೊವಿನ ಬೆಲೆಗೂ ಇಲ್ಲಿಯೇ ಉತ್ತರವಿದೆ. ಆತ 2018ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿಯೇ, ಅಗ್ರಶ್ರೇಣಿಗೆ ಬಂದವನು. ಆದುದರಿಂದ ಇಪ್ಪತ್ತಾರಕ್ಕೇ ಸ್ವತಂತ್ರನಾದ. 2022ರಲ್ಲಿ ವಾಷಿಂಗ್ಟನ್ ತಂಡ 15 ವರ್ಷಕ್ಕೆ 44 ಕೋಟಿ ಕೊಡುತ್ತೇವೆಂದಾಗ ಒಲ್ಲೆನೆಂದು, ಎರಡು ವರ್ಷ ಕಾದು, 76 ಕೋಟಿ 50 ಲಕ್ಷ ಪಡೆದ. ಕಸುವಿರುವ ಕಾಲದಲ್ಲಿಯೇ ಪೇಟೆಗೆ ಬರುವವರು ಅಪರೂಪ.

ಎರಡನೆಯ ಕಾರಣ ಲೆಕ್ಕಾಚಾರದ್ದು. ಈ ಆಟದಲ್ಲಿ ತಂಡದ ಒಟ್ಟು ಸಂಬಳಕ್ಕೆ ಇಷ್ಟೇ ಎಂಬ ಕಟ್ಟುನಿಟ್ಟಿನ ಮಿತಿಯಿಲ್ಲ. ಅಂಥ ಮಿತಿ ತರಬೇಕೆಂದು ಧಣಿಗಳು ಹಟ ಹಿಡಿದಾಗ ಆಟಗಾರರು 1994ರ ಆಗಸ್ಟ್ 12ರಂದು ಮುಷ್ಕರ ಹೂಡಿದರು. ಆ ವರ್ಷ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಮಿತಿಯ ಬದಲು ಬಂದದ್ದು ಒಂದು ತೆರಿಗೆ. ವಿಲಾಸ ತೆರಿಗೆ ಎಂದು ಅದನ್ನು ಕರೆಯೋಣ. ಇದು ಸರ್ಕಾರದ್ದಲ್ಲ, ತಂಡಗಳ ಒಕ್ಕೂಟದ್ದು. 2025ರಲ್ಲಿ ಒಟ್ಟು ಸಂಬಳ 24 ಕೋಟಿ 10 ಲಕ್ಷ ಡಾಲರನ್ನು ಮೀರಿದರೆ, ಮೀರಿದ ಹಣದ ಮೇಲೆ ಮೊದಲ ಸಲ ನೂರಕ್ಕೆ 20, ಎರಡನೆಯ ವರ್ಷವೂ ಮೀರಿದರೆ 30, ಮೂರನೆಯ ವರ್ಷಕ್ಕೆ 50ರಂತೆ ತೆರಬೇಕು. ಬಹಳ ಮೀರಿದವರಿಗೆ ಇನ್ನೂ ಮೇಲ್ತೆರಿಗೆ. ಈ ಲೆಕ್ಕಕ್ಕೆ ಹಿಡಿಯುವುದು ಕರಾರಿನ ವಾರ್ಷಿಕ ಸರಾಸರಿಯನ್ನು. 33 ಕೋಟಿಯನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 3 ಕೋಟಿ 30 ಲಕ್ಷ. ಹದಿಮೂರು ವರ್ಷಕ್ಕೆ ಹಂಚಿದರೆ ಸುಮಾರು 2 ಕೋಟಿ 54 ಲಕ್ಷ. 2019ರಲ್ಲಿ ಫಿಲಡೆಲ್ಫಿಯ ತಂಡ ಬ್ರೈಸ್ ಹಾರ್ಪರ್ ಎಂಬಾತನಿಗೆ ಕೊಟ್ಟದ್ದು ಇದೇ 33 ಕೋಟಿ, ಇದೇ ಹದಿಮೂರು ವರ್ಷ. ಕೊನೆಯ ಮೂರು ನಾಲ್ಕು ವರ್ಷ ಆತ ಆಡಲಾರನೆಂದು ಧಣಿಗೆ ತಿಳಿಯದೆಯೇ ಇದೆ? ತಿಳಿದೇ ಅವಧಿಯನ್ನು ಎಳೆಯುತ್ತಾರೆ. ಆ ವರ್ಷಗಳು ಆಟಕ್ಕಾಗಿ ಇಟ್ಟವಲ್ಲ, ಹಣವನ್ನು ತೆಳ್ಳಗೆ ಬಳಿಯುವುದಕ್ಕಾಗಿ ಇಟ್ಟವು.

ಜಪಾನಿನಿಂದ ಬಂದ ಶೋಹೆಯ್ ಓಟಾನಿಯದು ಇದರ ಮುಂದಿನ ಹೆಜ್ಜೆ. ಎಸೆಯುವುದರಲ್ಲಿಯೂ ಹೊಡೆಯುವುದರಲ್ಲಿಯೂ ಸಮಾನ ನಿಪುಣನಾದ ಆತನಿಗೆ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡ 2023ರ ಡಿಸೆಂಬರಿನಲ್ಲಿ ಹತ್ತು ವರ್ಷಕ್ಕೆ 70 ಕೋಟಿ ಡಾಲರು ಒಪ್ಪಿತು. ಆದರೆ ಆಡುವ ಹತ್ತು ವರ್ಷಗಳಲ್ಲಿ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ, ವರ್ಷಕ್ಕೆ 6 ಕೋಟಿ 80 ಲಕ್ಷದಂತೆ, ಬಡ್ಡಿಯಿಲ್ಲದೆ ಸಲ್ಲುತ್ತದೆ. ತಡವಾಗಿ ಬರುವ ಹಣಕ್ಕೆ ಇಂದಿನ ಬೆಲೆ ಕಡಮೆಯಾದ್ದರಿಂದ ತೆರಿಗೆಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 4 ಕೋಟಿ 60 ಲಕ್ಷವಷ್ಟೇ ಸೇರಿತು. ಆತನಿದ್ದ ಮೊದಲ ಎರಡು ವರ್ಷ, 2024ರಲ್ಲಿಯೂ 2025ರಲ್ಲಿಯೂ, ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಹೀಗೆ ಸಾಲ ನಿಲ್ಲಿಸುವುದು ಹೊಸ ಉಪಾಯವೇನೂ ಅಲ್ಲ. ಬಾಬಿ ಬೊನಿಲ್ಲಾ ಎಂಬಾತನಿಗೆ ಕೊಡಬೇಕಿದ್ದ 59 ಲಕ್ಷ ಡಾಲರನ್ನು ಮೆಟ್ಸ್ ತಂಡ 2000ದಲ್ಲಿ ಕೊಡದೆ, ನೂರಕ್ಕೆ ಎಂಟರ ಬಡ್ಡಿಯಂತೆ ಕಂತು ಮಾಡಿತು. 2011ರಿಂದ 2035ರವರೆಗೆ ಪ್ರತಿ ಜುಲೈ 1ರಂದು ಆತನಿಗೆ ಸುಮಾರು 11 ಲಕ್ಷ 93 ಸಾವಿರ ಡಾಲರು ಸಲ್ಲಬೇಕು. ಆತ ಆಟ ಬಿಟ್ಟದ್ದು 2001ರಲ್ಲಿ!

ಇನ್ನು ನಷ್ಟ ಯಾರದು ಎಂಬ ಪ್ರಶ್ನೆ. ಈ ಕರಾರುಗಳಲ್ಲಿ ಒಪ್ಪಿದ ಹಣ ಖಾತರಿ. ಮೈ ಕೈಕೊಟ್ಟರೂ ಕೊಡಲೇಬೇಕು. ಸ್ಟೀಫನ್ ಸ್ಟ್ರಾಸ್‌ಬರ್ಗ್ ಎಂಬ ಎಸೆತಗಾರ 2019ರಲ್ಲಿ ವಾಷಿಂಗ್ಟನ್ ತಂಡಕ್ಕೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟು, ಏಳು ವರ್ಷಕ್ಕೆ 24 ಕೋಟಿ 50 ಲಕ್ಷದ ಕರಾರು ಪಡೆದ. ಅನಂತರ ಆತ ಎಸೆದದ್ದು ಎಂಟೇ ಪಂದ್ಯಗಳಲ್ಲಿ. ಹೆಗಲು, ನರಗಳ ಬೇನೆಯಿಂದ 2024ರಲ್ಲಿ ನಿವೃತ್ತನಾದ. ಪ್ರಿನ್ಸ್ ಫೀಲ್ಡರ್ ಎಂಬಾತ 2012ರಲ್ಲಿ ಒಂಬತ್ತು ವರ್ಷಕ್ಕೆ 21 ಕೋಟಿ 40 ಲಕ್ಷದ ಕರಾರು ಮಾಡಿಕೊಂಡು, ಕತ್ತಿನ ಎರಡು ಶಸ್ತ್ರಚಿಕಿತ್ಸೆಗಳ ಮೇಲೆ 2016ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಆಟ ನಿಲ್ಲಿಸಬೇಕಾಯಿತು. ಆತನ ಹೋಮ್ ರನ್ನುಗಳು 319. ಆತನ ತಂದೆ ಸೆಸಿಲ್ ಫೀಲ್ಡರ್ ಹೊಡೆದದ್ದೂ ಸರಿಯಾಗಿ 319. ಇವರಿಗೆ ಸಂದ ಹಣವನ್ನು ಆಡದೆ ತಿಂದದ್ದೆಂದು ಕೆಲವರು ಮೂಗು ಮುರಿದರು. ಆದರೆ ನೋವು ಬಂದದ್ದು ಆಟದಿಂದಲೇ ಅಲ್ಲವೆ? ಹಿಂದೆ ಹೆಗಲು ಮುರಿದವನು ಬರಿಗೈಯಲ್ಲಿ ಊರಿಗೆ ಹೋಗುತ್ತಿದ್ದ. ಈಗ ಆ ಹೊರೆ ಧಣಿಯ ಮೇಲೆ ಬಿದ್ದಿದೆ. ಹೊರಲಾರದ ಹೊರೆಯೂ ಅಲ್ಲ. 1973ರಲ್ಲಿ ಸುಮಾರು 1 ಕೋಟಿ ಡಾಲರಿಗೆ ಕೊಂಡ ಯಾಂಕೀಸ್ ತಂಡದ ಬೆಲೆ ಇಂದು ನೂರಾರು ಕೋಟಿ ಡಾಲರು. ಮೆಟ್ಸ್ ತಂಡ 2020ರಲ್ಲಿ ಮಾರಾಟವಾದದ್ದು ಸುಮಾರು 240 ಕೋಟಿಗೆ.

ಹಾಗೆಂದು ಈ ವ್ಯವಸ್ಥೆ ಪೂರ್ತಿ ನ್ಯಾಯವಾದದ್ದೆಂದು ನಾನು ಹೇಳುವುದಿಲ್ಲ. ಬಾಕಿ ವಸೂಲಾಗುವುದು ಆರು ವರ್ಷ ದಾಟಿ, ಆಮೇಲೂ ಹೆಸರುಳಿಸಿಕೊಂಡ ಕೆಲವರಿಗೆ ಮಾತ್ರ. ಮೂರು ವರ್ಷ ಚೆನ್ನಾಗಿ ಆಡಿ ನಾಲ್ಕನೆಯ ವರ್ಷ ಮೊಣಕೈ ಮುರಿದುಕೊಂಡವನ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಅಗ್ರಶ್ರೇಣಿಗೆ ಏರಲು ಕೆಳಗಿನ ಶ್ರೇಣಿಗಳಲ್ಲಿ ಕಾದಿರುವವರ ಪಾಡಂತೂ ಬೇರೆ. ಅವರು 2022ರಲ್ಲಿ ಸಂಘ ಸೇರಿ 2023ರಲ್ಲಿ ಮೊದಲ ಒಡಂಬಡಿಕೆ ಮಾಡಿಕೊಳ್ಳುವವರೆಗೆ, ತೀರ ಕೆಳಗಿನ ಮೆಟ್ಟಲಿನ ಹುಡುಗರ ಕನಿಷ್ಠ ವೇತನ ವರ್ಷಕ್ಕೆ 4,800 ಡಾಲರು. ಒಡಂಬಡಿಕೆಯಿಂದ ಅದು 19,800ಕ್ಕೆ ಏರಿತು. ಒಂದೇ ಧಣಿ, ಒಂದೇ ಆಟ. ಒಬ್ಬನಿಗೆ ವರ್ಷಕ್ಕೆ 5 ಕೋಟಿ, ಇನ್ನೊಬ್ಬನಿಗೆ ಮನೆಬಾಡಿಗೆಗೆ ಸಾಲದಷ್ಟು.

ದೀರ್ಘ ಕರಾರುಗಳನ್ನು ತುಂಡರಿಸಬೇಕೆಂದು ವಾದಿಸುವವರು ಈ ಮೊದಲ ಆರು ವರ್ಷಗಳನ್ನು ನೋಡಬೇಕು. ದುಡಿಯುವ ಕಾಲದಲ್ಲಿಯೇ ದುಡಿಮೆಗೆ ತಕ್ಕ ಬೆಲೆ ಬಂದರೆ ನಾಲ್ವತ್ತರವರೆಗೆ ಕರಾರು ಎಳೆಯುವ ಅಗತ್ಯ ತಾನಾಗಿ ಕುಗ್ಗುತ್ತದೆ. 2022ರಲ್ಲಿ ಧಣಿಗಳೂ ಆಟಗಾರರೂ ಮಾಡಿಕೊಂಡ ಒಡಂಬಡಿಕೆಯಲ್ಲಿ ಇದರ ಒಂದು ಸಣ್ಣ ಮೊಳಕೆಯಿತ್ತು. ಚೆನ್ನಾಗಿ ಆಡುವ ಕಿರಿಯರಿಗೆಂದು ವರ್ಷಕ್ಕೆ 5 ಕೋಟಿ ಡಾಲರಿನ ಒಂದು ನಿಧಿಯನ್ನು ತೆಗೆದಿಟ್ಟರು. ಎಲ್ಲ ತಂಡಗಳ ಕಿರಿಯರಿಗೂ ಸೇರಿ ಅಷ್ಟು. ಸೋಟೊ ಒಬ್ಬನ ಒಂದು ವರ್ಷದ ಪಾಲಿಗೆ ಸಮ. ಆ ಒಡಂಬಡಿಕೆಯ ಅವಧಿ 2026ರ ಡಿಸೆಂಬರ್ 1ರವರೆಗೆ. ಮುಂದಿನದರಲ್ಲಿ ಈ ನಿಧಿ ಬೆಳೆದರೆ ಒಳಿತು. ಕಿರಿಯರ ಕಾಯುವ ಕಾಲ ಆರು ವರ್ಷದಿಂದ ಇಳಿದರೆ ಇನ್ನೂ ಒಳಿತು.

ಇನ್ನೊಮ್ಮೆ ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಮೊತ್ತವನ್ನೊಂದೇ ನೋಡಿ ಬೆರಗಾಗಬೇಡಿ. ಆಟಗಾರನ ವಯಸ್ಸೆಷ್ಟು, ಮೊದಲ ಆರು ವರ್ಷ ಅವನಿಗೆ ಏನು ಕೊಟ್ಟರು, ಹಣ ಯಾವ ವರ್ಷದಿಂದ ಯಾವ ವರ್ಷದವರೆಗೆ ಸಲ್ಲುತ್ತದೆ ಎಂಬ ಮೂರನ್ನು ಹುಡುಕಿ ಓದಿ. ಆಮೇಲೆ ಆ ಕರಾರಿನಲ್ಲಿ ದುರಾಸೆ ಎಷ್ಟು, ಬಾಕಿ ಎಷ್ಟು ಎಂಬುದನ್ನು ನೀವೇ ನಿಮ್ಮ ಮನೆಯಲ್ಲಿ ಕುಳಿತು ತೀರ್ಮಾನಿಸಬಹುದು.